ಹಕೀಮರು ಹೇಳಿದ ಚಹಾ

ಶಾಂತವಾಗಿ ಕೂತು ಒಂದು ಕಪ್ಪು ಚಹಾ ಕುಡಿಯುತ್ತೇನೆ ಎಂದು ಯಾವನಾದರೂ ಪಣ ತೊಟ್ಟು ನೋಡಲಿ, ಅದೇ ಗಳಿಗೆಗೆ ಊರಿನ ಅಷ್ಟೂ ಜನಕ್ಕೆ ಅವನ ಹತ್ತಿರ ಕೆಲಸ ಬೀಳುತ್ತದೆ. ಇದು ನನ್ನ ಅನುಭವ. ಬೇರೆಯವರಿಗೂ ಹೀಗೇ ಆಗುತ್ತದೋ ಏನೋ, ಅವರು ಹೇಳಿಕೊಳ್ಳುವುದಿಲ್ಲ. ನಾನು ಹೇಳಿಕೊಳ್ಳುತ್ತೇನೆ. ನನ್ನ ಮರ್ಯಾದೆ ಕಲಬುರಗಿಯಿಂದ ಕಮಲಾಪುರದ ತನಕ ದಾರಿಯುದ್ದಕ್ಕೂ ಚೆಲ್ಲಿ ಹೋಗಿದೆ, ಇನ್ನು ಬಚ್ಚಿಟ್ಟುಕೊಳ್ಳುವುದಕ್ಕೆ ಏನು ಉಳಿದಿದೆ?

ಆಗ ನಿಜಾಮರ ಆಳ್ವಿಕೆ. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಉರ್ದು ಕಾಗದಗಳನ್ನು ನಕಲು ಮಾಡುವ ಗುಮಾಸ್ತ. ಬ್ರಹ್ಮಪುರದಲ್ಲಿ ಮನೆ. ಮನೆಯಲ್ಲಿ ಮೂರೇ ಮಂದಿ: ಅವ್ವ, ನಾನು, ನನ್ನ ಹೆಂಡತಿ. ಲಗ್ನವಾಗಿ ಆರು ವರ್ಷವಾಗಿತ್ತು. ಚಹಾ ನಮ್ಮ ಊರಿನಲ್ಲಿ ನನ್ನ ಲಗ್ನದ ಹೊತ್ತಿಗಷ್ಟೇ ಬೇರು ಬಿಟ್ಟಿತ್ತು. ಯಾವುದೋ ಚಹಾಪುಡಿಯ ಕಂಪನಿಯವರು ಬಜಾರಿನಲ್ಲಿ ಬಂಡಿ ನಿಲ್ಲಿಸಿ, ಬಂದವರಿಗೆಲ್ಲ ಪುಕ್ಕಟೆ ಕುಡಿಸಿ, ಊರು ಚಟಕ್ಕೆ ಬಿದ್ದಿತು ಎಂದು ಖಾತ್ರಿಯಾದ ಮೇಲೆ ಬಂಡಿ ಹೊಡೆದುಕೊಂಡು ಹೋದರು. ಆ ಚಟಕ್ಕೆ ಮೊದಲು ಬಿದ್ದವರಲ್ಲಿ ನಾನೂ ಒಬ್ಬ.

೧. ಕೆನೆ

ನನಗೆ ಸಿಟ್ಟು ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಚೇರಿಯಲ್ಲಿ ಬರುವುದಿಲ್ಲ, ಬಜಾರಿನಲ್ಲಿ ಬರುವುದಿಲ್ಲ, ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ ಬರುತ್ತದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಮ್ಮಂಥವರನ್ನು ನೋಡಿಯೇ ಹೇಳಿದ್ದು.

ಒಂದು ದಿನ ಮುಂಜಾನೆ ಕಚೇರಿಗೆ ಹೊತ್ತಾಗಿತ್ತು. ಹೆಂಡತಿ ಚಹಾ ತಂದುಕೊಟ್ಟಳು. ನಾನು ನೋಡದೆ ಬಾಯಿಗೆ ಹಚ್ಚಿದೆ. ಮೇಲೆ ಕಟ್ಟಿದ್ದ ಕೆನೆ ಬಂದು ತುಟಿಗೆ ಅಂಟಿತು. ಅಷ್ಟೇ. ಕೈಯಲ್ಲಿದ್ದ ಪಿಂಗಾಣಿ ಕಪ್ಪು ಹೋಗಿ ಗೋಡೆಗೆ ಬಡಿಯಿತು, ಅದರ ಹಿಂದೆ ಕಪ್ಪಿನಡಿಯ ಬಸಿಯೂ ಹೋಯಿತು. ನಾನು ಒಗೆದೆ ಎಂದು ಹೇಳಬೇಕು. ಆದರೆ ಆವತ್ತು ನನಗೆ ಕಪ್ಪು ತಾನಾಗಿಯೇ ಹಾರಿದಂತೆ ಅನಿಸಿತ್ತು.

ಒಂದು ಕಪ್ಪಿಗೆ ಇಷ್ಟೊಂದು ರಾದ್ಧಾಂತವೇ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದ್ದೆ. ಹೆಂಡತಿ ಕಮಲಾಪುರದ ತವರಿಗೆ ಹೇಳಿ ಕಳಿಸಿದಳು. ಮೂರನೆಯ ದಿನ ಮಾವ ಕಮಾನು ಬಂಡಿ ಕಟ್ಟಿಕೊಂಡು ಬಂದ. ಅವನದು ಕೆಂಪು ಬಾಳೆಯ ತೋಟ. ಬೀಗರ ಮನೆಗೆ ಬರಿಗೈಯಲ್ಲಿ ಬರಬಾರದು ಎಂಬ ರಿವಾಜು ಬಿಡದ ಮನುಷ್ಯ, ಆ ಸಿಟ್ಟಿನಲ್ಲೂ ಒಂದು ಗೊನೆ ತಂದಿದ್ದ. ಗೊನೆ ಇಳಿಸಿದ, ಮಗಳನ್ನು ಹತ್ತಿಸಿದ.

ಬಂಡಿ ಹೊರಡುವ ಮುಂಚೆ ನನ್ನ ಕಡೆ ತಿರುಗಿ, "ಅಳಿಯಂದಿರ, ಒಂದು ಮಾತು ಹೇಳ್ತೀನಿ ಕೇಳ್ರಿ. ನೀವು ನಮ್ಮ ಮನಿಗಿ ಬರ್ರಿ. ಹತ್ತು ಮಂದಿ ಮುಂದ ಕೂಡ್ರಿ. ನಾವು ಹ್ಯಾಂಗ ಕೊಡ್ತೀವಿ ಹಾಂಗ ಒಂದು ಕಪ್ಪ ಚಹಾ ತಣ್ಣಗ ಕುಡದು ತೋರಸ್ರಿ. ಅವತ್ತೇ ಮಗಳನ್ನ ಕಳಸ್ತೀನಿ. ಅಲ್ಲೀತನಕ ಆಕಿ ನಮ್ಮ ಮನ್ಯಾಗ ಇರತಾಳ," ಎಂದ.

"ಒಂದು ಕಪ್ಪ ಚಹಾನಾ?" ಎಂದು ನಾನು ನಕ್ಕೆ.

ಬಂಡಿಯ ಒಳಗಿನಿಂದ ಹೆಂಡತಿ, "ಯಪ್ಪಾ, ಹೊಡೀರಿ ಬಂಡಿ. ಅವರ ಕೈಲೆ ಆಗೂದಿಲ್ಲ," ಎಂದಳು.

ಗೋಡೆಯ ಮೇಲೆ ದೊಡ್ಡ ಕಲೆ ಹಾಗೇ ಉಳಿಯಿತು. ನಾನು ಅವ್ವನ ಮುಖ ನೋಡಿದೆ. ಅವ್ವ, "ನನ್ನ ಮುಖ ಏನು ನೋಡ್ತಿ? ಬಾಳಿಹಣ್ಣ ತಿನ್ನು, ಹೆಂಡ್ತಿ ಬದಲಿ ಬಂದಾವ," ಎಂದಳು.

೨. ಮದ್ದು

ಎಂಟು ದಿನ ಹೋಟೆಲಿನ ಚಹಾ ಕುಡಿದು ಪಿತ್ತ ಕೆರಳಿತು. ಪಕ್ಕದ ಓಣಿಯಲ್ಲಿ ಒಬ್ಬ ಹಕೀಮರಿದ್ದರು, ಬಿಳಿ ಗಡ್ಡದ ಮುದುಕರು, ನಾಡಿ ಹಿಡಿದರೆ ಮೂರು ತಲೆಮಾರಿನ ರೋಗ ಹೇಳುತ್ತಾರೆ ಎಂದು ಹೆಸರು. ಅವರ ಹತ್ತಿರ ಹೋಗಿ ಸಿಟ್ಟಿಗೆ ಮದ್ದು ಕೊಡಿ ಎಂದೆ. ಹೆಂಡತಿ ಹೋದದ್ದನ್ನು ಹೇಳಲಿಲ್ಲ. ನಾಡಿ ಹಿಡಿದು ಅವರೇ ಹೇಳಿದರು. ಓಣಿಗೆಲ್ಲ ಗೊತ್ತಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

"ತಮ್ಮಾ, ನಿನ್ನ ಸಿಟ್ಟು ಪಿತ್ತದಾಗ ಇಲ್ಲ, ಜಲ್ದಿದಾಗ ಅದ," ಎಂದರು ಹಕೀಮರು. "ನಾಳಿಂದ ಮುಂಜಾನಿ ಯಾರ ಜೋಡಿನೂ ಮಾತಾಡಬ್ಯಾಡ. ಚಹಾ ಮುಂದ ಇಟ್ಟುಕೊಂಡು ಕೂಡು. ಮೊದಲ ಅದರ ಹಬಿ ನೋಡು. ಆಮ್ಯಾಲ ವಾಸನಿ ತಗೋ. ಆಮ್ಯಾಲ ಒಂದು ಗುಟುಕು, ಒಂದು ಉಸರು. ಮತ್ತ ಒಂದು ಗುಟುಕು, ಒಂದು ಉಸರು. ಮುಗಿಯೂತನಕ ಬಾಯಿ ತಗೀಬ್ಯಾಡ, ಕಚೇರಿ ವಿಚಾರ ಮಾಡಬ್ಯಾಡ. ಕಣ್ಣೆದುರಿಗಿ ಏನದ, ಅದನ್ನ ನೋಡು. ಇದೂ ಒಂದು ಇಬಾದತ್ ಅಂತ ತಿಳಕೋ. ನೀವು ಧ್ಯಾನ ಅಂತೀರಲ್ಲ, ಅದು."

"ಚೂರ್ಣ, ಲೇಹ್ಯ ಏನೂ ಇಲ್ಲೇನ್ರೀ?"

"ಏನೂ ಇಲ್ಲ."

ಮದ್ದಿಲ್ಲದ ಮದ್ದು ಕೇಳಿ ನನಗೆ ನಿರಾಸೆಯಾಯಿತು. ಎದ್ದು ನಿಂತು, "ಪಥ್ಯ ಆದ್ರೂ ಹೇಳ್ರಿ," ಎಂದೆ.

ಹಕೀಮರು ನನ್ನ ಬಲಗೈ ನೋಡಿದರು. "ಪಿಂಗಾಣಿ ಬ್ಯಾಡ. ಹಿತ್ತಾಳಿ ಲೋಟದಾಗ ಕುಡಿ. ಒಗದ್ರೂ ಒಡ್ಯಾಂಗಿಲ್ಲ," ಎಂದರು.

೩. ಅವ್ವನ ಪಾಳಿ

ಮನೆಯಲ್ಲಿ ಅವ್ವನದು ಒಂದು ಕಟ್ಟಳೆ. ಸ್ನಾನ, ಲಿಂಗಪೂಜೆ ಆಗದೆ ಬಾಯಿಗೆ ನೀರೂ ಹಾಕಬಾರದು. ಏನು ತಿಂದರೂ ಕುಡಿದರೂ ಮೊದಲು ಲಿಂಗಕ್ಕೆ ತೋರಿಸಿಯೇ ಬಾಯಿಗೆ ಇಡಬೇಕು. ಇಷ್ಟು ದಿನ ಕಚೇರಿಯ ಗಡಿಬಿಡಿಯಲ್ಲಿ ಚಹಾಕ್ಕೆ ಮಾತ್ರ ವಿನಾಯಿತಿ ತೆಗೆದುಕೊಂಡಿದ್ದೆ. ಹಕೀಮರ ಮದ್ದು ಕೇಳಿದ ಅವ್ವ ಆ ವಿನಾಯಿತಿ ಕಿತ್ತುಕೊಂಡಳು.

"ಧ್ಯಾನ ಅಂತಿ. ಧ್ಯಾನದ ಚಹಾ ಅಂದ್ರ ಲಿಂಗಕ್ಕ ತೋರಸಾಕ ಬೇಕು. ತೋರಿಸಿದ ಮ್ಯಾಲ ಅದು ಪ್ರಸಾದ. ಪ್ರಸಾದ ಅಂದ್ರ ಒಂದು ಹನಿ ಬಿಡಬಾರದು, ರುಚಿ ಹಳೀಬಾರದು, ತಿಳೀತಾ?"

ಅವ್ವ ಜನ್ಮದಲ್ಲಿ ಚಹಾ ಮಾಡಿದವಳಲ್ಲ, ಕುಡಿದವಳೂ ಅಲ್ಲ. ಅವಳ ಲೆಕ್ಕದಲ್ಲಿ ಅದು ಒಂದು ನಮೂನೆಯ ಕಷಾಯ. ಅಜಿವಾನ, ಮೆಣಸು, ಒಣಶುಂಠಿ ಎಲ್ಲ ಜಜ್ಜಿ ಹಾಕಿದಳು. ಸಕ್ಕರೆ ಥಂಡಿ ಎಂದು ಬೆಲ್ಲ ಹಾಕಿದಳು. ಬೆಲ್ಲ ಬಿದ್ದ ಹಾಲು ಒಡೆಯಿತು. ಒಡೆದ ಚಹಾ ಹಿತ್ತಾಳೆ ಲೋಟದಲ್ಲಿ ಬಂತು. ನಾನು ಒಲೆಯ ಕೋಣೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತೆ. ಲಿಂಗಕ್ಕೆ ತೋರಿಸಿದೆ. ಹಬೆ ನೋಡಿದೆ, ಕಣ್ಣಲ್ಲಿ ನೀರು ಬಂತು, ಮೆಣಸಿನ ಘಾಟು. ವಾಸನೆ ತೆಗೆದುಕೊಂಡೆ, ಸೀನು ಬಂತು. ಒಂದು ಗುಟುಕು, ಒಂದು ಉಸಿರು. ಆ ಉಸಿರಿನ ತುಂಬ ಬೈಗುಳವೇ ಇತ್ತು, ಆದರೆ ಪ್ರಸಾದ ಹಳಿಯುವಂತಿಲ್ಲ, ಬಾಯಿ ತೆರೆಯುವಂತಿಲ್ಲ.

ಕಣ್ಣೆದುರಿಗೆ ಏನಿದೆಯೋ ಅದನ್ನು ನೋಡು ಎಂದಿದ್ದರಲ್ಲ, ನೋಡಿದೆ. ಎದುರಿಗೆ ಗೋಡೆ. ಗೋಡೆಯ ಮೇಲೆ ನಾನು ಮಾಡಿದ ಕಲೆ. ಅವ್ವ ಅದನ್ನು ಒರೆಸುವುದಿಲ್ಲ ಎಂದು ಹಟ ಹಿಡಿದಿದ್ದಳು: "ಒಗದಾವ್ರು ಒರಸ್ಲಿ." ಕಲೆಯ ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ಕಂದು ಬಣ್ಣದ ಒಂದು ಹಳೆಯ ಅರಿವೆ. ಒಲೆಯ ಮೇಲಿನ ಬಿಸಿ ಪಾತ್ರೆ ಇಳಿಸುವುದಕ್ಕೆ ಹೆಂಡತಿ ಇಟ್ಟಿರಬೇಕು ಎಂದುಕೊಂಡೆ. ದಿನಾ ಅದನ್ನೇ ನೋಡಿದೆ, ದಿನಾ ಅಷ್ಟೇ ಅಂದುಕೊಂಡೆ.

ಮೂರನೆಯ ದಿನದ ಹೊತ್ತಿಗೆ ಅವ್ವನಿಗೆ ಒಂದು ಸಂಗತಿ ಹೊಳೆಯಿತು. ಲೋಟ ಖಾಲಿಯಾಗುವ ತನಕ ಮಗ ಬಾಯಿ ತೆರೆಯುವಂತಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ಇಂಥ ಅವಕಾಶ ನಾನು ಹುಟ್ಟಿದಾಗಿನಿಂದ ಅವಳಿಗೆ ಸಿಕ್ಕಿರಲಿಲ್ಲ. ನನ್ನೆದುರಿಗೆ ಕಾಲು ಚಾಚಿ ಕೂತು ಶುರು ಮಾಡಿದಳು. ನಾನು ಎಂಟು ವರ್ಷದವನಿದ್ದಾಗ ಮೊಸರಿನ ಗಡಿಗೆ ಒಡೆದದ್ದು. ಲಗ್ನವಾಗಿ ಬಂದ ಹೊಸದರಲ್ಲೇ ಸೊಸೆಯ ಕಣ್ಣಲ್ಲಿ ನಾನು ನೀರು ತರಿಸಿದ್ದು. ಕಳೆದ ದಸರೆಯಲ್ಲಿ ಹೋಳಿಗೆ ದಪ್ಪವಾಯಿತೆಂದು ನಾನು ತಾಟು ನೂಕಿದ್ದು. ಗುಟುಕಿಗೊಂದು ಪ್ರಸಂಗ. ನಾನು ಬೇಗ ಬೇಗ ಕುಡಿಯಲು ಹೋದರೆ, "ಸಾವಕಾಶ, ಹಕೀಮರು ಏನು ಹೇಳ್ಯಾರ?" ಎಂದು ಗದರಿಸುತ್ತಿದ್ದಳು.

ಹದಿನೈದು ದಿನವಾಯಿತು. ಆವತ್ತು ಲೋಟ ಬರಿದು ಮಾಡಿ ಮಗುಚಿ ಹಾಕಿ, "ಮುಗೀತೇನವ್ವ?" ಎಂದೆ.

"ನಿಂದು ಮುಗೀತು," ಎಂದಳು ಅವ್ವ. "ನಾಳಿಂದ ಎರಡು ಲೋಟ ಕುಡಿ. ನಿಮ್ಮಪ್ಪಂದು ಇನ್ನಾ ಶುರುನೇ ಮಾಡಿಲ್ಲ."

೪. ಕಟ್ಟೆಯ ಮೇಲೆ ನಾಲ್ವರು

ಅಪ್ಪನ ಪ್ರಸಂಗ ಕೇಳುವ ಧೈರ್ಯ ನನಗಿರಲಿಲ್ಲ. ಅವನೂ ತಾಟು ನೂಕುತ್ತಿದ್ದದ್ದು ನನಗೆ ನೆನಪಿತ್ತು. ಮರುದಿನದಿಂದ ಲೋಟ ಹಿಡಿದುಕೊಂಡು ಮನೆಯ ಮುಂದಿನ ಕಟ್ಟೆಗೆ ಬಂದೆ.

ಓಣಿಯಲ್ಲಿ ಒಬ್ಬ ಮುದುಕಿ ಇದ್ದಳು. ಯಾರ ಮನೆಯಲ್ಲಿ ಏನು ಬೇಯುತ್ತದೆ ಎಂಬುದು ಆ ಮನೆಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ವಿಭೂತಿ ಹಚ್ಚಿಕೊಂಡು, ಹಬೆಯಾಡುವ ಲೋಟ ಮುಂದಿಟ್ಟುಕೊಂಡು, ಉಸಿರು ಎಣಿಸುತ್ತ ಕೂತ ನನ್ನನ್ನು ನೋಡಿ ಮೊದಲ ದಿನ ಕೈ ಮುಗಿದು ಹೋದಳು. ಎರಡನೆಯ ದಿನ ಅವ್ವನ ಹತ್ತಿರ ವಿಷಯ ತಿಳಿದುಕೊಂಡಳು. ಮೂರನೆಯ ದಿನ ಪಕ್ಕದ ಮನೆಯವನನ್ನು ಕರೆದುಕೊಂಡು ಬಂದಳು. ಕರೆದುಕೊಂಡು ಬಂದಳು ಎನ್ನುವುದಕ್ಕಿಂತ, ಅವನ ಹೆಂಡತಿ ಹಿಂದಿನಿಂದ ನೂಕಿದಳು, ಮುದುಕಿ ಮುಂದಿನಿಂದ ಎಳೆದಳು.

"ಇಂವನ್ನೂ ನಿನ್ನ ಬಾಜೂಕ ಕೂಡ್ರಿಸ್ಕೋ ತಮ್ಮಾ. ಇಂವಂದೂ ಅದೇ ಬ್ಯಾನಿ."

ನಾನು ಗುಟುಕಿನ ನಡುವೆ ಇದ್ದೆ, ಬೇಡ ಎನ್ನುವಂತಿರಲಿಲ್ಲ. ಅವನು ಜೋಳದ ವ್ಯಾಪಾರಿ, ಎತ್ತಿಗೂ ಹೆಂಡತಿಗೂ ಒಂದೇ ದನಿಯಲ್ಲಿ ಬೈಯುವವನು. ಮುಖ ಗಂಟು ಹಾಕಿಕೊಂಡು ಕೂತ. ಅದರ ಮರುದಿನ ಇನ್ನಿಬ್ಬರು ಬಂದರು. ಕಟ್ಟೆಯ ಮೇಲೆ ನಾಲ್ಕು ಮಂದಿ, ನಾಲ್ಕು ಹಿತ್ತಾಳೆ ಲೋಟ, ನಾಲ್ಕು ಗಂಟುಮುಖ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು, ಸೆರಗು ಬಾಯಿಗೆ ಹಿಡಿದು ನೋಡುತ್ತಿದ್ದರು. ಲಗ್ನವಾದ ಮೇಲೆ ಇಷ್ಟು ಆರಾಮದ ಮುಂಜಾನೆ ತಾನು ಕಂಡಿಲ್ಲ ಎಂದು ಜೋಳದ ವ್ಯಾಪಾರಿಯ ಹೆಂಡತಿ ಅವ್ವನಿಗೆ ಹೇಳಿದಳಂತೆ.

ಐದು ದಿನ ನಡೆಯಿತು. ನನಗೂ ಒಂದು ನಮೂನೆಯ ಗುರುವಿನ ಗತ್ತು ಬಂದಿತ್ತು. ಉಸಿರು ತಪ್ಪಿದವರ ಕಡೆ ಕಣ್ಣು ಬಿಟ್ಟು ನೋಡುತ್ತಿದ್ದೆ. ಇನ್ನು ಕಮಲಾಪುರಕ್ಕೆ ಹೋಗಬಹುದು ಎಂಬ ಧೈರ್ಯ ಬರತೊಡಗಿತ್ತು. ಆರನೆಯ ದಿನ ಜೋಳದ ವ್ಯಾಪಾರಿಯ ಚಹಾ ಬರುವುದು ತಡವಾಯಿತು. ಉಳಿದ ಮೂವರು ಹಬೆ ನೋಡಿ, ವಾಸನೆ ಮುಗಿಸಿ, ಗುಟುಕಿಗೆ ಬಂದಿದ್ದೆವು. ಅವನು ಬರಿಗೈಯಲ್ಲಿ ಕೂತು ನಮ್ಮ ಗುಟುಕು ಎಣಿಸುತ್ತಿದ್ದ. ಕಡೆಗೆ ಹೆಂಡತಿ ಓಡುತ್ತ ತಂದುಕೊಟ್ಟಳು. ಅವನು ಲೋಟ ತೆಗೆದುಕೊಂಡ, ಹಬೆ ಇದೆಯೋ ಎಂದು ನೋಡಿದ, ಇರಲಿಲ್ಲ. ಲೋಟ ಹಾರಿತು. ಎದುರಿನ ಗೋಡೆಗೆ ಬಡಿದು, ಪುಟಿದು, ತಿರುಗಿ ನಮ್ಮ ಕಟ್ಟೆಗೇ ಬಂತು.

ಹಕೀಮರ ಮಾತು ಖರೆ. ಹಿತ್ತಾಳೆ ಲೋಟ ಒಡೆಯಲಿಲ್ಲ. ನನ್ನ ಹಣೆ ಒಡೆಯಿತು.

೫. ಸಾಹೇಬರ ಮೇಜವಾನಿ

ಹಣೆಗೆ ಪಟ್ಟಿ ಕಟ್ಟಿಕೊಂಡೇ ಕಚೇರಿಗೆ ಹೋಗುತ್ತಿದ್ದ ದಿನಗಳಲ್ಲಿ ಹೈದರಾಬಾದಿನಿಂದ ಹೊಸ ಸಾಹೇಬರು ಬಂದರು. ನಾಜೂಕಿನ ಮನುಷ್ಯ. ಬಂದ ವಾರವೇ ನಮ್ಮನ್ನೆಲ್ಲ ಮುಂಜಾನೆ ಬಂಗಲೆಗೆ ಚಹಾಕ್ಕೆ ಕರೆದರು. ಆ ಚಹಾಕ್ಕೆ ಒಂದು ಅದಬು ಇತ್ತು. ಮೊದಲ ಗುಟುಕು ಕುಡಿದ ಕೂಡಲೇ ಎದ್ದು ನಿಂತು, ಬಗ್ಗಿ ಸಲಾಮು ಮಾಡಿ, ಇಂಥ ಚಹಾ ಜನ್ಮದಲ್ಲಿ ಕುಡಿದಿಲ್ಲ ಎನ್ನಬೇಕು. ನಮ್ಮ ಹಿರಿಯ ಗುಮಾಸ್ತರು ಹಿಂದಿನ ದಿನವೇ ಎಲ್ಲರಿಗೂ ಇದನ್ನು ಬಾಯಿಪಾಠ ಮಾಡಿಸಿದ್ದರು.

ನನಗೆ ಪಾಠ ಚೆನ್ನಾಗಿ ಬಂದಿತ್ತು. ಆದರೆ ಒಂದು ತಿಂಗಳ ರೂಢಿ ದೊಡ್ಡದು. ಕೈಗೆ ಚಹಾ ಬಂದ ಕೂಡಲೇ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಬಂಗಲೆಯ ಚಹಾ, ಏಲಕ್ಕಿಯ ಪರಿಮಳ, ಒಡೆಯದ ಹಾಲು! ಲಿಂಗಕ್ಕೆ ತೋರಿಸಲಿಲ್ಲ, ಅವ್ವನಿಗೂ ಹೇಳಲಿಲ್ಲ. ಹಬೆ ನೋಡಿದೆ. ಒಂದು ಗುಟುಕು, ಒಂದು ಉಸಿರು. ಅಜಿವಾನದಿಂದ ಬಿಡುಗಡೆಯಾದ ಜೀವ, ಮೈಮರೆತೆ.

ಉಳಿದವರು ಎದ್ದರು, ಸಲಾಮು ಹೊಡೆದರು, ಕೂತರು. ನಾನು ಕೂತೇ ಇದ್ದೆ.

"ಚಾಯ್ ಕೈಸೀ ಹೈ?" ಎಂದು ಸಾಹೇಬರು ನನ್ನನ್ನೇ ಕೇಳಿದರು. ಚಹಾ ಹೇಗಿದೆ ಎಂದು.

ನಾನು ಉಸಿರು ಬಿಟ್ಟೆ. ಅದು ಅವರಿಗೆ ನಿಟ್ಟುಸಿರಿನಂತೆ ಕೇಳಿಸಿತು. ಮತ್ತೆ ಕೇಳಿದರು. ನಾನು ಕಣ್ಣೆದುರಿಗೆ ಏನಿದೆಯೋ ಅದನ್ನು ನೋಡಿದೆ. ಎದುರಿಗೆ ಸಾಹೇಬರ ಮುಖವೇ ಇತ್ತು. ಅದು ಕೆಂಪಾಗುವುದನ್ನು ಬಹಳ ಶಾಂತವಾಗಿ ನೋಡುತ್ತ ಇನ್ನೊಂದು ಗುಟುಕು ಕುಡಿದೆ.

ಹಿರಿಯ ಗುಮಾಸ್ತರು ಬೆವರಿ ಎದ್ದು ನಿಂತು, "ಹುಜೂರ್, ಮಾಫ್ ಮಾಡ್ರಿ. ಇವರ ಬೀವಿ ಕಮಲಾಪುರಕ್ಕ ಹೋಗಿ ಕೂತಾರ. ಅವತ್ತಿನಿಂದ ಚಹಾ ಕಂಡ್ರ ಇವರಿಗಿ ಹಿಂಗ ಆಗತದ," ಎಂದು ಅರ್ಧ ಉರ್ದು, ಅರ್ಧ ಕನ್ನಡದಲ್ಲಿ ನನ್ನ ಮಾನ ಹರಾಜು ಹಾಕಿದರು. ನಾನು ಕಪ್ಪು ಬರಿದು ಮಾಡಿ ಬಾಯಿ ತೆರೆಯುವಷ್ಟರಲ್ಲಿ ಎಲ್ಲ ಹೇಳಿ ಮುಗಿದಿತ್ತು.

ಮರುದಿನ ಹುಕುಂ ಬಂತು. ಕಮಲಾಪುರದ ಸಣ್ಣ ಕಚೇರಿಗೆ ವರ್ಗ. ನಾನು ಹೋಗಿ ಕೈ ಮುಗಿದು, ಇದು ಸಜೆಯೋ ದಯೆಯೋ ಎಂದು ಕೇಳಿದೆ. ಸಾಹೇಬರು ತಲೆಯನ್ನೂ ಎತ್ತದೆ, "ದೋನೋಂ. ಕಾಗಜ್ ಬಚ್ ಗಯಾ," ಎಂದರು. ಎರಡೂ ಹೌದು, ಎರಡಕ್ಕೂ ಒಂದೇ ಹುಕುಂ ಸಾಕಾಗಿ ಒಂದು ಕಾಗದ ಉಳಿಯಿತು!

೬. ಪರೀಕ್ಷೆ

ಕಮಲಾಪುರದಲ್ಲಿ ಕಚೇರಿಯ ಹಿಂದೆ ಒಂದು ಸಣ್ಣ ಖೋಲಿ ಹಿಡಿದೆ. ಅವ್ವ ಬ್ರಹ್ಮಪುರದ ಮನೆ ಬಿಟ್ಟು ಬರಲಿಲ್ಲ. "ಮೊದಲ ಆಕಿನ್ನ ಕರಕೊಂಡು ಬಾ, ಆಮ್ಯಾಲ ನೋಡೂನು," ಎಂದಳು.

ಮಾವನ ತೋಟ ನನ್ನ ಖೋಲಿಯಿಂದ ಕೂಗಳತೆಯಲ್ಲಿತ್ತು. ದಿನಾ ಆ ದಾರಿಯಲ್ಲೇ ಹೋಗಿ ಬರುತ್ತಿದ್ದೆ, ಒಳಗೆ ಹೋಗುವ ಧೈರ್ಯವಿರಲಿಲ್ಲ. ಒಂದು ದಿನ ಬೇಲಿಯ ಆಚೆ ಹೆಂಡತಿ ಕಂಡಳು. ಬಾಳೆಯೆಲೆ ಕೊಯ್ಯುತ್ತಿದ್ದವಳು ನನ್ನ ಹಣೆಯ ಗಾಯದ ಗುರುತು ನೋಡಿ ನಿಂತಳು. ಏನೋ ಕೇಳುತ್ತಾಳೆ ಎಂದುಕೊಂಡೆ. ಎಲೆ ಎತ್ತಿಕೊಂಡು ಒಳಗೆ ಹೋದಳು. ಆವತ್ತು ಖೋಲಿಗೆ ಬಂದು ನಾನು ಅತ್ತೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ನನಗೆ ಶಾಂತಿಯೂ ಬಂದಿರಲಿಲ್ಲ, ಮೂಗೂ ಹೋಗಿತ್ತು. ಮರುದಿನವೇ ಪರೀಕ್ಷೆಗೆ ಬರುತ್ತೇನೆ ಎಂದು ಹೇಳಿ ಕಳಿಸಿದೆ.

ಮುಂಜಾನೆ ಪೂಜೆ ಮುಗಿಸಿ ಹೋದೆ. ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಹತ್ತು ಮಂದಿ ಎಂದಿದ್ದ ಮಾವ, ಇಪ್ಪತ್ತು ಮಂದಿಯನ್ನು ಕೂಡಿಸಿದ್ದ. ಊರ ಹಿರಿಯರು, ತೋಟದವರು, ಬೀಗರು. ಹೆಂಗಸರೆಲ್ಲ ಒಳಬಾಗಿಲ ಮರೆಯಲ್ಲಿ. ನನ್ನನ್ನು ನಡುವೆ ಕೂಡಿಸಿದರು, ಮಾವ ಎದುರಿಗೆ ಕೂತ. ತಾಟಿನಲ್ಲಿ ಎರಡು ಪಿಂಗಾಣಿ ಕಪ್ಪು ಬಂದವು. ಒಂದು ನನಗೆ, ಒಂದು ಮಾವನಿಗೆ.

"ಹಾಂ, ಕುಡೀರಿ ಅಳಿಯಂದಿರ," ಎಂದ ಮಾವ. ಮೀಸೆಯ ಒಳಗೇ ನಗುತ್ತಿದ್ದ.

ಲಿಂಗಕ್ಕೆ ತೋರಿಸಿದೆ. ಹಬೆ ನೋಡಿದೆ. ವಾಸನೆ ತೆಗೆದುಕೊಂಡೆ. ಕೆನೆ ಇದೆಯೋ ಎಂದು ನೋಡಿದೆ, ಸೋಸಿ ಕೊಟ್ಟಿದ್ದರು. ಒಂದು ಗುಟುಕು. ಇಪ್ಪತ್ತು ಮಂದಿ ಉಸಿರು ಹಿಡಿದರು. ನಾನು ಉಸಿರು ಬಿಟ್ಟೆ. ಚಹಾ ಅಮೃತದಂತಿತ್ತು. ಹದವಾದ ಸಕ್ಕರೆ, ಹಸಿಶುಂಠಿ, ಒಂದೇ ಒಂದು ಏಲಕ್ಕಿ. ಆರು ವರ್ಷ ನಾನು ದಿನಾ ಕುಡಿದ ಚಹಾ ಇದೇ ಎಂದು ಎರಡನೆಯ ಗುಟುಕಿಗೆ ಗೊತ್ತಾಯಿತು. ಆರು ವರ್ಷದಲ್ಲಿ ಒಮ್ಮೆಯೂ ಅದರ ರುಚಿ ನೋಡಿರಲಿಲ್ಲ ಎಂಬುದೂ ಗೊತ್ತಾಯಿತು. ಇದರಲ್ಲಿ ಪರೀಕ್ಷೆ ಏನಿದೆ ಎಂದು ಆಶ್ಚರ್ಯಪಡುತ್ತ ಪೂರ್ತಿ ಕುಡಿದು ಕಪ್ಪು ಕೆಳಗಿಟ್ಟೆ.

"ಭಲೇ!" ಎಂದರು ಯಾರೋ.

ಮಾವನಿಗೆ ನಂಬಿಕೆ ಬರಲಿಲ್ಲ. ನನ್ನ ಮುಖವನ್ನೇ ದಿಟ್ಟಿಸುತ್ತ, ತನ್ನ ಕಪ್ಪನ್ನು ನೋಡದೆ ಎತ್ತಿ ಒಂದು ದೊಡ್ಡ ಗುಟುಕು ಎಳೆದ.

"ಥೂ!" ಎಂದು ಅಷ್ಟನ್ನೂ ಜಮಖಾನದ ಮೇಲೆ ಉಗುಳಿದ. ಕೈಯಲ್ಲಿದ್ದ ಕಪ್ಪು ಹೋಗಿ ಪಡಸಾಲೆಯ ಗೋಡೆಗೆ ಬಡಿಯಿತು. ಅದರ ಹಿಂದೆ ಬಸಿಯೂ ಹೋಯಿತು. "ಯಾವಕಿ ಮಾಡಿದಾಕಿ ಇದನ್ನ? ಉಪ್ಪು ಹಾಕಿದ ಕಪ್ಪ ಅಂವಗ ಕೊಡ್ರಿ ಅಂದ್ರ ನನಗ ಕೊಡ್ತೀರಿ? ಕಣ್ಣ ಕುರುಡ ಆಗ್ಯಾವೇನು ನಿಮ್ಮವು?"

ಒಳಬಾಗಿಲಿನಿಂದ ಅತ್ತೆ ಹೊರಗೆ ಬಂದಳು. ಗಾಬರಿಯಿಲ್ಲ, ಅವಸರವಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಬಾಗಿಲ ಹಿಂದೆ ಕೈ ಹಾಕಿದಳು. ಹುಡುಕಲಿಲ್ಲ, ಕೈ ನೇರವಾಗಿ ಮೊಳೆಗೆ ಹೋಯಿತು. ಮೊಳೆಯಿಂದ ಕಂದು ಬಣ್ಣದ ಒಂದು ಅರಿವೆ ತೆಗೆದು ಗೋಡೆ ಒರೆಸತೊಡಗಿದಳು.

ಆಗ ಒಬ್ಬ ಹಿರಿಯರು ಕೆಮ್ಮಿ, "ಗೌಡ್ರ, ಪರೀಕ್ಷಾ ಅಳಿಯಂದಿತ್ತೋ, ನಿಮ್ಮದೋ?" ಎಂದರು. ಇಪ್ಪತ್ತು ಮಂದಿಯೂ ಗೊಳ್ಳೆಂದು ನಕ್ಕರು.

"ನಂದು ಬ್ಯಾರೆ!" ಎಂದು ಮಾವ ಕೂಗಿದ. "ನಂದು ಉಪ್ಪಿನ ಚಹಾ!"

ಜನ ಇನ್ನೂ ಜೋರಾಗಿ ನಕ್ಕರು. ಕಡೆಗೆ ಮಾವನೂ ಸೋತು ನಕ್ಕ, ಮಗಳನ್ನು ಕಳಿಸುತ್ತೇನೆ ಎಂದು ಹೇಳಿ ಒಂದು ಗೊನೆಯನ್ನೂ ಹೊರೆಸಿದ. ನಗದೆ ಉಳಿದವನು ನಾನೊಬ್ಬನೇ. ನಾನು ಆ ಅರಿವೆ ನೋಡುತ್ತಿದ್ದೆ. ಅದರ ಬಣ್ಣ ನನಗೆ ಗೊತ್ತಿತ್ತು. ಬ್ರಹ್ಮಪುರದ ಮನೆಯಲ್ಲಿ ಎಷ್ಟೋ ದಿನ ಅದನ್ನೇ ಎದುರಿಗಿಟ್ಟುಕೊಂಡು ಧ್ಯಾನ ಮಾಡಿದ್ದೆನಲ್ಲ, ಬಿಸಿ ಪಾತ್ರೆ ಇಳಿಸುವ ಅರಿವೆ ಎಂದುಕೊಂಡು! ಅದು ಹುಟ್ಟಿದಾಗ ಬಿಳಿಯದಿರಬೇಕು. ಒಂದು ಕಪ್ಪು ಚಹಾಕ್ಕೆ ಅರಿವೆ ಅಷ್ಟು ಕಂದಾಗುವುದಿಲ್ಲ. ಒಂದು ಕಪ್ಪಿಗೆ ಇಷ್ಟೊಂದು ರಾದ್ಧಾಂತವೇ ಎಂದು ಕೇಳಿದವನು ನಾನು. ಎಷ್ಟು ಕಪ್ಪು ಎಂಬುದು ನನಗೇ ನೆನಪಿರಲಿಲ್ಲ.

ಹೆಂಡತಿ ಗಂಟು ಹಿಡಿದುಕೊಂಡು ನನ್ನ ಹಿಂದೆ ಖೋಲಿಗೆ ಬಂದಳು. ಬಂದವಳೇ ಸುತ್ತಲೂ ನೋಡಿದಳು. ಒಲೆಯ ಹತ್ತಿರ ಹೋಗಿ, ಒಂದು ಕಲ್ಲು ತೆಗೆದುಕೊಂಡು ಗೋಡೆಗೆ ಮೊಳೆ ಹೊಡೆದಳು. ಗಂಟು ಬಿಚ್ಚಿ, ಹೊಸ ಬಿಳಿ ಅರಿವೆ ತೆಗೆದು ಆ ಮೊಳೆಗೆ ಸಿಕ್ಕಿಸಿದಳು. ಆಮೇಲೆ ಒಲೆ ಹಚ್ಚಿದಳು.

ನನಗೆ ಮೈಯೆಲ್ಲ ಉರಿಯಿತು. "ನಾ ಪರೀಕ್ಷಾದಾಗ ಪಾಸಾಗೀನಿ. ಇಪ್ಪತ್ತ ಮಂದಿ ನೋಡ್ಯಾರ," ಎಂದೆ.

"ಪಾಸಾಗೀರಿ. ಕಪ್ಪ ನಾನೇ ಬದಲಿ ಮಾಡಿದ್ದಕ್ಕ."

"ನೀನಾ? ಯಾಕ? ನಾ ಉಪ್ಪಿನ ಚಹಾ ಕುಡೀತೀನಿ ಅಂತ ನಿನಗ ನಂಬಿಕಿ ಇರಲಿಲ್ಲೇನು?"

"ನಿಮಗ ಇತ್ತೇನ್ರೀ?"

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ, ಬರಲಿಲ್ಲ. "ನಂಬಿಕಿ ಇಲ್ಲ ಅಂದ ಮ್ಯಾಲ ಮತ್ತ ಯಾಕ ಬಂದಿ?" ಎಂದೆ.

ಅವಳು ಒಲೆಯ ಮುಂದಿನಿಂದ ಎದ್ದು ಖೋಲಿಯ ಗೋಡೆಯನ್ನು ಆ ತುದಿಯಿಂದ ಈ ತುದಿಯ ತನಕ ಒಮ್ಮೆ ನೋಡಿದಳು.

"ನಮ್ಮಪ್ಪನ ಪಡಸಾಲಿ ಗ್ವಾಡಿ ನೋಡೀರಿಲ್ಲ, ಎಷ್ಟು ದೊಡ್ಡದದ? ನಮ್ಮವ್ವಗ ವಯಸ್ಸಾಗ್ಯಾದ. ನಾಳಿ ಆ ಗ್ವಾಡಿ ಒರಸೂದು ನನ್ನ ಪಾಳಿಗೇ ಬರತದ. ಈ ಖೋಲಿ ಗ್ವಾಡಿ ನಾಕು ಮೊಳ. ಒರಸೂದೇ ಖರೆ ಅಂದ ಮ್ಯಾಲ ಸಣ್ಣ ಗ್ವಾಡಿ ಛಲೋ ಅಲ್ಲೇನ್ರೀ?"

ಅವಳು ಚಹಾ ಸೋಸಿ ಕೊಟ್ಟಳು. ನಾನು ಮಣೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಆ ಮೊಳೆಗೆ ಮುಖ ಮಾಡಿ ಕೂತೆ. ಹಬೆ ನೋಡಿದೆ. ಒಂದು ಗುಟುಕು, ಒಂದು ಉಸಿರು.

ಈಗ ಎಷ್ಟೋ ವರ್ಷವಾಯಿತು. ದಿನಾ ಹಾಗೆಯೇ ಕೂಡುತ್ತೇನೆ. ಅರಿವೆ ಇನ್ನೂ ಬೆಳ್ಳಗೇ ಇದೆ. ಅವಳು ಅದನ್ನು ಇನ್ನೂ ತೆಗೆದಿಲ್ಲ.